ನೀಲಿ ಪಟ್ಟಿಯ ಹೊಲಿಗೆ

ಕುರುಗೋಡು

ನಮ್ಮ ಕುರುಗೋಡಿನಲ್ಲಿ ಜಾವಾ ದೇಶಕ್ಕೆ ಹೋಗಿ ಬಂದವನು ನಾನೊಬ್ಬನೇ. ಹಾಗಾಗಿ ಕ್ಷೌರದ ಕಟ್ಟೆಯಲ್ಲಿ, ಮದುವೆಯ ಚಪ್ಪರದಲ್ಲಿ, ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ನನ್ನನ್ನು ಮಾತಿಗೆಳೆಯದವರಿಲ್ಲ. ಸಮುದ್ರ ಎಷ್ಟು ದೊಡ್ಡದು, ಹಡಗಿನಲ್ಲಿ ಸ್ನಾನ ಎಲ್ಲಿ ಮಾಡುತ್ತಾರೆ, ಅಲ್ಲಿಯ ಹೆಂಗಸರು ಸೀರೆ ಉಡುತ್ತಾರೋ ಇಲ್ಲವೋ ಎಂದೆಲ್ಲ ಕೇಳುತ್ತಾರೆ. ಎಲ್ಲಕ್ಕೂ ಉತ್ತರ ಕೊಟ್ಟಿದ್ದೇನೆ. ಒಂದು ಸಂಗತಿಯನ್ನು ಮಾತ್ರ ಪ್ರತಿ ಸಲವೂ ಬಿಟ್ಟು ಹೇಳಿದ್ದೇನೆ. ಈಗ ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಜಾವಾದಲ್ಲಿ ನಾನು ನನ್ನ ತಮ್ಮನ ಸೆರೆವಾಸವನ್ನು ನನ್ನದೆಂದು ಹೇಳಿಕೊಂಡೆ. ಆ ಮಾತನ್ನು ನಂಬಿ ಅಲ್ಲಿಯವರೊಬ್ಬರು ನನ್ನಿಂದ ಒಂದು ಸಣ್ಣ ಕೆಲಸ ಕೇಳಿದರು. ಮಾಡುತ್ತೇನೆಂದು ಒಪ್ಪಿದೆ. ಮಾಡಲಿಲ್ಲ.

ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ಅಪ್ಪ ತೀರಿಕೊಂಡ ವರ್ಷ ನಾನು ಅವರ ಹೊಲಿಗೆ ಮಷಿನಿನ ಮುಂದೆ ಕುಳಿತೆ. ನನಗಿಂತ ಐದು ವರ್ಷ ಚಿಕ್ಕವನಾದ ಬಸವರಾಜ ಬಳ್ಳಾರಿಯ ಹೈಸ್ಕೂಲಿಗೆ ಹೋದ. ಮನೆಯಲ್ಲಿ ಒಬ್ಬ ಓದಿದರೆ ಸಾಕು ಎಂದು ಅವ್ವ ಹೇಳಿದಳು. ಆ ಒಬ್ಬ ಯಾರೆಂದು ನನ್ನನ್ನು ಕೇಳಲಿಲ್ಲ. ಅವನ ಶಾಲೆಯ ಅಂಗಿಗಳನ್ನು ನಾನೇ ಹೊಲಿದೆ. ಕಾಲರು ಚೆನ್ನಾಗಿ ಕೂರಲೆಂದು ಎರಡೆರಡು ಸಲ ಬಿಚ್ಚಿ ಹೊಲಿಯುತ್ತಿದ್ದೆ. ಆಗ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದರೂ ನನಗೆ ಗೊತ್ತಿರಲಿಲ್ಲ.

ನಲವತ್ತೆರಡರ ಚಳವಳಿಯಲ್ಲಿ ಅವನು ಗೆಳೆಯರ ಜೊತೆ ಸೇರಿ ಕೊಳಗಲ್ಲಿನ ಹತ್ತಿರ ಟೆಲಿಗ್ರಾಫ್ ತಂತಿ ಕತ್ತರಿಸಿದ. ಪೊಲೀಸರು ಹಿಡಿದು ಬಳ್ಳಾರಿಯ ಜೈಲಿಗೆ ಹಾಕಿದರು. ಅವ್ವ ಅತ್ತಳು. ಆದರೆ ಮರುದಿನದಿಂದ ನಮ್ಮ ಮನೆಯ ಕಟ್ಟೆಯ ಮೇಲೆ ಎಂದೂ ಕೂರದವರು ಬಂದು ಕೂರತೊಡಗಿದರು. ಗೌಡರು ಬಂದರು, ಸಾಲೆಯ ಮಾಸ್ತರು ಬಂದರು. ಹೊಲಿಸಲು ಬಟ್ಟೆ ತಂದವರೂ ಮೊದಲು ಅವನ ಸುದ್ದಿ ಕೇಳಿ ಆಮೇಲೆ ಅಳತೆ ಕೊಡುತ್ತಿದ್ದರು. ದರ್ಜಿ ಪಂಪಣ್ಣ ಎಂಬ ನನ್ನ ಹೆಸರು ಹೋಯಿತು. ಬಸವರಾಜನ ಅಣ್ಣ ಎಂದು ಕರೆದರು.

ಅವನು ಬಿಡುಗಡೆಯಾಗಿ ಬಂದ ದಿನ ಬಸ್ಸಿನ ಹತ್ತಿರ ಊರೇ ನೆರೆದಿತ್ತು. ಯಾರೋ ಒಂದು ಹಾರವನ್ನು ನನ್ನ ಕೈಗೆ ತುರುಕಿ, ಅಣ್ಣನೇ ಹಾಕಲಿ ಎಂದರು. ಬಸವರಾಜ ನನ್ನ ಮುಂದೆ ತಲೆ ಬಗ್ಗಿಸಿದ. ಅವನ ಕುತ್ತಿಗೆ ಎಷ್ಟು ಸಣ್ಣಗಾಗಿತ್ತೆಂದರೆ ನಾನು ಹೊಲಿದ ಕಾಲರಿನೊಳಗೆ ಇನ್ನೊಂದು ಕುತ್ತಿಗೆ ಹಿಡಿಯುತ್ತಿತ್ತು. ಅದು ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಈ ಜನ ಒಂದು ದಿನವಾದರೂ ನನ್ನನ್ನು ಹೀಗೆ ನೋಡಬಾರದೇ ಎಂದುಕೊಂಡೆ.

ಜೈಲಿನ ಬಗ್ಗೆ ನಾನು ಅವನನ್ನು ಒಂದೇ ಒಂದು ಮಾತು ಕೇಳಿದೆ. ಅಲ್ಲಿ ಎಂಥ ಅಂಗಿ ಕೊಡುತ್ತಿದ್ದರು ಎಂದು. ಅವನು ನಕ್ಕು ಹೇಳಿದ. ಕಾಲರಿಲ್ಲ, ಗುಂಡಿಯಿಲ್ಲ, ಪಕ್ಕದಲ್ಲಿ ಕಟ್ಟಲು ಲಾಡಿ. ಏನೂ ಬಚ್ಚಿಡಬಾರದೆಂದು ಹೊಲಿಗೆಯ ಮಡಿಕೆಗಳೆಲ್ಲ ಹೊರಗಡೆ. ತೊಟ್ಟರೆ ಅಂಗಿಯನ್ನು ತಿರುವು ಹಾಕಿಕೊಂಡ ಹಾಗೆ ಕಾಣುತ್ತದಂತೆ.

ಬಳ್ಳಾರಿ

ಸೈನ್ಯಕ್ಕೆ ದರ್ಜಿಗಳು ಬೇಕಾಗಿದ್ದಾರೆಂದು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕೇಳಿದೆ. ಅಲ್ಲಿಯ ದರ್ಜಿಗಳೆಲ್ಲ ಖಾಕಿ ಹೊಲಿದು ಹೊಲಿದು ಬೆರಳು ಹಸಿರಾದವರು. ಬಂದೂಕು ಹಿಡಿಯುವುದಿಲ್ಲ, ಸೂಜಿ ಹಿಡಿದರೆ ಸಾಕು, ದೂರದ ದೇಶಗಳಿಗೆ ಒಯ್ಯುತ್ತಾರೆ ಎಂದರು. ದೂರದ ದೇಶ ಎಂಬ ಮಾತೇ ನನ್ನನ್ನು ಹಿಡಿದಿದ್ದು. ತಮ್ಮ ಹೋದದ್ದು ಬಳ್ಳಾರಿಯ ಜೈಲಿಗೆ, ಮನೆಯಿಂದ ಅರ್ಧ ದಿನದ ದಾರಿ. ನಾನು ಸಮುದ್ರ ದಾಟಿ ಬಂದರೆ ಯಾರ ಕಟ್ಟೆಯಲ್ಲಿ ಯಾರು ಕೂರುತ್ತಾರೆ ನೋಡೋಣ ಎಂದುಕೊಂಡು ಹೆಬ್ಬೆಟ್ಟು ಬೇಡವೆಂದು ಕನ್ನಡದಲ್ಲೇ ಸಹಿ ಹಾಕಿದೆ.

ಸುದ್ದಿ ಕೇಳಿ ಬಸವರಾಜ ಅಂಗಡಿಗೆ ಬಂದ.

"ಅಣ್ಣಾ, ಅವರ ಅಂಗಿ ಹೊಲಿಯಾಕ ಹೊಂಟೀ ಏನು?"

"ನೀ ಜೈಲಿಗೆ ಹೋಗಿದ್ದು ನಿನ್ನ ಇಷ್ಟ. ನಾ ಹಡಗ ಹತ್ತಾದು ನನ್ನ ಇಷ್ಟ."

ಅವನು ಅಂಗಡಿಯ ಮೆಟ್ಟಿಲಿಳಿದು ಹೋದ. ಹೊರಡುವ ದಿನ ಬಳ್ಳಾರಿಯ ಸ್ಟೇಷನ್ನಿಗೆ ಬಂದು ಜೋಳದ ರೊಟ್ಟಿಯ ಬುತ್ತಿಯನ್ನೂ ಎರಡು ಉಂಡೆ ಬಿಳಿ ದಾರವನ್ನೂ ಕೊಟ್ಟ. ಜಗಳ ಮಾಡಿದ್ದರೆ ಚೆನ್ನಾಗಿತ್ತು. ಒಳ್ಳೆಯವನಾಗಿಯೇ ಇದ್ದುಬಿಟ್ಟ. ಗುಂತಕಲ್ಲಿನವರೆಗೂ ಬುತ್ತಿ ಬಿಚ್ಚಲಿಲ್ಲ.

ಮದರಾಸಿನ ಡಿಪೋದಲ್ಲಿ ಯುದ್ಧ ಮುಗಿಯುವವರೆಗೂ ಗುಂಡಿ ಹಚ್ಚಿದೆ. ಯುದ್ಧ ಮುಗಿಯಿತು, ಇನ್ನು ಊರಿಗೆ ಕಳಿಸುತ್ತಾರೆ ಎನ್ನುವಾಗ ಹಡಗು ಹತ್ತಿಸಿದರು. ಯಾರ ಮೇಲೆ ಹೋಗುತ್ತಿದ್ದೇವೆ ಎಂದು ನಮಗೆ ಯಾರೂ ಹೇಳಲಿಲ್ಲ. ಜೊತೆಗೆ ಸಿರುಗುಪ್ಪದ ಖಾಜಾ ಸಿಕ್ಕ. ಅವನು ನಮ್ಮ ತುಕಡಿಯ ಅಡುಗೆಯವರಲ್ಲಿ ಒಬ್ಬ. ಮಾತಿಗೆ ಮೊದಲು ಬೈಗುಳ, ಬೈಗುಳಕ್ಕೆ ಮೊದಲು ನಗು. ನಮ್ಮ ಮಾತು ಆಡುವವನು ಇನ್ನೊಬ್ಬನಿದ್ದಾನೆ ಎಂಬುದೇ ನನಗೆ ದೊಡ್ಡದಾಯಿತು.

ಹಡಗಿನಲ್ಲಿ

ಸಮುದ್ರದ ಬಗ್ಗೆ ಹೆಚ್ಚು ಹೇಳಲಾರೆ. ಮೊದಲ ನಾಲ್ಕು ದಿನ ನಾನು ನೋಡಿದ್ದು ತಗಡಿನ ಬಕೀಟನ್ನು ಮಾತ್ರ. ಖಾಜಾನಿಗೆ ಏನೂ ಆಗಲಿಲ್ಲ. ಕೆಂಚನಗುಡ್ಡದ ಹತ್ತಿರ ತುಂಗಭದ್ರೆ ತುಂಬಿ ಹರಿಯುವಾಗ ಹರಿಗೋಲಿನಲ್ಲಿ ಕೂತವನಿಗೆ ಇದೇನು ಎಂದು ನನ್ನ ಮುಂದೆಯೇ ಮೀನು ಹುರಿದು ತಿಂದ.

ಸಿಂಗಪುರದ ಹಡಗುಕಟ್ಟೆಯಲ್ಲಿ ಸೋತ ಜಪಾನಿ ಸೈನಿಕರು ಕಸ ಗುಡಿಸುತ್ತಿದ್ದರು. ಇಂಗ್ಲಿಷ್ ದೊರೆಗಳು ನೆರಳಿನಲ್ಲಿ ನಿಂತು ನೋಡುತ್ತಿದ್ದರು. ಅಲ್ಲಿಯ ಮೂಟೆ ಹೊರುವವರು ಇಬ್ಬರನ್ನೂ ನೋಡುತ್ತ ಬೀಡಿ ಸೇದುತ್ತಿದ್ದರು. ಮೂರು ವರ್ಷದ ಹಿಂದೆ ಇದೇ ಕಟ್ಟೆಯಲ್ಲಿ ಜಪಾನಿಗಳ ಸೆರೆಯಾಗಿದ್ದ ದೊರೆಗಳು ಗುಡಿಸಿದ್ದರಂತೆ. ಮೂಟೆ ಹೊರುವವರ ಮುಖದಲ್ಲಿ ಭಯವೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ನಾಟಕ ಮುಗಿದ ಮೇಲೆ ಬಣ್ಣ ತೊಳೆದುಕೊಳ್ಳುವವರನ್ನು ನೋಡುವ ಹಾಗೆ ನೋಡುತ್ತಿದ್ದರು.

ಬಟೇವಿಯಾ

ಊರಿನ ಹೆಸರನ್ನೇ ಅಲ್ಲಿ ಎರಡು ರೀತಿ ಹೇಳುತ್ತಿದ್ದರು. ದೊರೆಗಳ ಬಾಯಲ್ಲಿ ಬಟೇವಿಯಾ, ಊರವರ ಬಾಯಲ್ಲಿ ಜಕಾರ್ತಾ. ಡಚ್ಚರು ತಲೆತಲಾಂತರದಿಂದ ಆ ದೇಶವನ್ನು ಆಳಿದ್ದರು. ಜಪಾನಿಗಳು ಬಂದು ಅವರನ್ನು ಓಡಿಸಿದರು. ಜಪಾನಿಗಳು ಸೋತ ಕೂಡಲೇ ಅಲ್ಲಿಯ ಜನ ಯಾರನ್ನೂ ಕೇಳದೆ ನಾವು ಸ್ವತಂತ್ರರು ಎಂದು ಸಾರಿದರು. ಈಗ ಡಚ್ಚರು ತಮ್ಮ ಕುರ್ಚಿ ಹುಡುಕಿಕೊಂಡು ಹಿಂದೆ ಬರುತ್ತಿದ್ದರು. ಅವರಿಗೆ ಬಾಗಿಲು ತೆರೆದುಕೊಡಲು ಇಂಗ್ಲಿಷರು ನಮ್ಮನ್ನು ಕರೆತಂದಿದ್ದರು. ಇಷ್ಟನ್ನು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಮೊದಲ ದಿನ ಕಂಡದ್ದು ಗೋಡೆಗಳು. ಗೋಡೆ, ಸೇತುವೆ, ಟ್ರಾಮು, ಎಲ್ಲದರ ಮೇಲೂ ದಪ್ಪ ಅಕ್ಷರದ ಇಂಗ್ಲಿಷ್ ಬರಹ. ತಮ್ಮ ಭಾಷೆ ಬಿಟ್ಟು ಇಂಗ್ಲಿಷಿನಲ್ಲಿ ಯಾಕೆ ಬರೆದಿದ್ದಾರೆ ಎಂದು ಆಶ್ಚರ್ಯವಾಯಿತು. ಬಟ್ಟೆ ಅಂಗಡಿಗಳ ಬೀದಿಯಲ್ಲಿದ್ದ ಒಬ್ಬ ಸಿಂಧಿ ಸೇಟು ಹಿಂದುಸ್ತಾನಿಯಲ್ಲಿ ಬಿಡಿಸಿ ಹೇಳಿದರು. ಅವು ನಿಮಗಾಗಿಯೇ ಬರೆದವು ಎಂದರು. ನಿಮ್ಮ ಮೇಲೂ ಪರರೇ ಕೂತಿದ್ದಾರೆ, ನೀವು ನಮ್ಮ ಮೇಲೆ ಯಾಕೆ ಬಂದಿರಿ ಎಂಬ ಅರ್ಥ ಬರುವಂತೆ ಬರೆದಿದ್ದರಂತೆ. ನನಗೆ ಇಂಗ್ಲಿಷ್ ಓದಲು ಬಾರದ್ದು ಅಂದು ಒಳ್ಳೆಯದೇ ಆಗಿತ್ತು ಅನಿಸಿತು. ಬಸವರಾಜನಾಗಿದ್ದರೆ ಟ್ರಾಮು ನಿಲ್ಲುವ ಮೊದಲೇ ಓದಿ ಮುಗಿಸುತ್ತಿದ್ದ.

ದರ್ಜಿಯ ಕಣ್ಣಿಗೆ ಮೊದಲು ಕಾಣುವುದು ಬಟ್ಟೆ. ಜಪಾನಿಗಳ ಕಾಲದಲ್ಲಿ ಅಲ್ಲಿಗೆ ಬಟ್ಟೆಯೇ ಬಂದಿರಲಿಲ್ಲ. ಗೋಣಿಚೀಲಕ್ಕೆ ತೋಳು ಹಚ್ಚಿ ತೊಟ್ಟ ಗಂಡಸರನ್ನು ನೋಡಿದೆ. ಹಾಗೆ ತೊಟ್ಟವರೂ ಎದುರಿಗೆ ಸಿಕ್ಕರೆ ಮುಷ್ಟಿ ಎತ್ತಿ 'ಮೆರ್ಡೇಕಾ' ಎನ್ನುತ್ತಿದ್ದರು. ಸ್ವತಂತ್ರ ಎಂದು ಅರ್ಥ. ನಮಸ್ಕಾರದ ಬದಲು ಅದೇ ಮಾತು. ಮೀನು ಮಾರುವವಳು, ಟ್ರಾಮಿನ ಕಂಡಕ್ಟರು, ಚಹಾದವನು, ಎಲ್ಲರೂ. ನನ್ನ ಮೈಮೇಲೆ ಇಸ್ತ್ರಿ ಮಾಡಿದ ಖಾಕಿ ಇತ್ತು. ಗೋಣಿ ತೊಟ್ಟವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಮಗಿಂತ ಮೊದಲೇ ಹೇಳಿಬಿಟ್ಟರಲ್ಲ ಎಂದು.

ಅಲ್ಲಿಯ ತಾಳೆ ಬೆಲ್ಲ ನಮ್ಮ ಬೆಲ್ಲದ ಅಣ್ಣನಂತಿದೆ. ಭತ್ತದ ಗದ್ದೆಗಳು ಸಿರುಗುಪ್ಪದ ಕಾಲುವೆ ಬಯಲನ್ನೇ ಎತ್ತಿ ಮೆಟ್ಟಿಲು ಮಾಡಿ ಇಟ್ಟ ಹಾಗೆ. ಹುದುಗಿಸಿದ ಸೋಯಾಕಾಳಿನ ಬಿಲ್ಲೆಯೊಂದನ್ನು ಬೂಸು ಹಿಡಿದಿದೆ ಎಂದು ನಾನು ಎಸೆದೆ. ಖಾಜಾ ಅದನ್ನು ಎತ್ತಿ ತಂದು, ಹುರಿದು, ನಮ್ಮ ಹವಾಲ್ದಾರರಿಗೆ ಬಡಿಸಿ ಶಹಭಾಸ್ ಅನ್ನಿಸಿಕೊಂಡ.

ಕರ್ತೊ ಅವರ ಅಂಗಡಿ

ನನ್ನ ಮಷಿನಿನ ದಾರ ಸುತ್ತುವ ಬಾಬಿನ್ ಕೆಟ್ಟಿತು. ಸೇಟು ತಮ್ಮ ಅಂಗಡಿಯ ಎದುರಿಗಿದ್ದ ದರ್ಜಿಯ ಹತ್ತಿರ ಕರೆದೊಯ್ದರು. ಹೆಸರು ಕರ್ತೊ. ನಡುವಯಸ್ಸು, ಕಪ್ಪು ಮಖಮಲ್ಲಿನ ಟೋಪಿ, ಕಿವಿಯ ಮೇಲೆ ಸಾಬೂನಿನ ಚೂರು. ಬಟ್ಟೆಯ ಮೇಲೆ ಗುರುತು ಹಾಕಲು ನಾವು ಕೌಲ್ ಬಜಾರಿನಲ್ಲಿ ಬಳಸುವುದೂ ಅದನ್ನೇ. ಆ ಚೂರನ್ನು ನೋಡಿ ನನಗೆ ಊರು ನೆನಪಾಯಿತು. ಅವರು ಬಾಬಿನ್ ಬಿಚ್ಚುವಾಗ ಯಾವ ಬೆರಳಿನಿಂದ ಒತ್ತಿದರೋ ನಾನೂ ಅದೇ ಬೆರಳಿನಿಂದ ಒತ್ತುವವನು. ನಮ್ಮಿಬ್ಬರಿಗೂ ಅದು ಗೊತ್ತಾಗಿ ನಗು ಬಂತು. ನನ್ನದು ಸರಿಹೋಗದೆ, ಊರಿಗೆ ಹೋಗುವಾಗ ಕೊಟ್ಟರಾಯಿತು ಎಂದು ತಮ್ಮದೊಂದು ಬಾಬಿನ್ ಕೊಟ್ಟರು.

ಆಮೇಲೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಮೊದಲು ಸೇಟು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿರುಗಿಸಿ ಹೇಳುತ್ತಿದ್ದರು. ಎರಡು ತಿಂಗಳಲ್ಲಿ ನನಗೂ ಅಲ್ಲಿಯ ಸಂತೆಯ ಮಾತು ಬಂತು. ಕರ್ತೊ ನನ್ನನ್ನು 'ಸೌದಾರಾ' ಎನ್ನುತ್ತಿದ್ದರು. ಒಡಹುಟ್ಟಿದವನು ಎಂದು ಅರ್ಥವೆಂದು ಸೇಟು ಹೇಳಿದರು.

ಕರ್ತೊ ಅವರ ಕಪಾಟಿನಲ್ಲಿ ಅರ್ಧ ಹೊಲಿದ ಒಂದು ಫ್ರಾಕು ಇತ್ತು. ಯುದ್ಧಕ್ಕೆ ಮೊದಲು ಒಬ್ಬ ಡಚ್ ಹೆಂಗಸು ಹೊಲಿಯಲು ಕೊಟ್ಟದ್ದು. ಜಪಾನಿಗಳು ಆಕೆಯನ್ನು ಹಿಡಿದೊಯ್ದರು. ಊರೆಲ್ಲ ಗೋಣಿ ತೊಟ್ಟ ಕಾಲದಲ್ಲೂ ಇವರು ಆ ಬಟ್ಟೆಯನ್ನು ಮುಟ್ಟಿರಲಿಲ್ಲ, ಬೇವಿನೆಲೆಯಂಥ ಯಾವುದೋ ಎಲೆ ಹಾಕಿ ಮಡಿಸಿಟ್ಟಿದ್ದರು. ಇನ್ನೂ ಯಾಕೆ ಇಟ್ಟಿದ್ದೀರಿ, ಅವರು ನಿಮ್ಮ ಶತ್ರುಗಳಲ್ಲವೇ ಎಂದು ಕೇಳಿದೆ.

"ಆಕೆ ಬಂದರೆ ಹೊಲಿದು ಕೊಡುತ್ತೇನೆ. ಅಂಗಿ ಆಕೆಯದು. ಊರು ಮಾತ್ರ ನಮ್ಮದು" ಎಂದರು.

ಜಪಾನಿಗಳ ಮಾತು ಬಂದಾಗ ಮಾತ್ರ ಅವರ ಮುಖ ಗಂಟಾಗುತ್ತಿತ್ತು. ಜಪಾನಿಗಳು ಬರುವಾಗ ನಾವು ನಿಮ್ಮ ಅಣ್ಣಂದಿರು ಎಂದು ಹೇಳಿಕೊಂಡು ಬಂದರಂತೆ. ಅಣ್ಣ ಅಕ್ಕಿಯನ್ನೂ ಒಯ್ದ, ಬಟ್ಟೆಯನ್ನೂ ಒಯ್ದ, ಗಂಡಸರನ್ನೂ ಕೂಲಿಗೆ ಒಯ್ದ. ಒಂದು ದಿನ ಕರ್ತೊ ನನ್ನನ್ನು ಕೇಳಿದರು. ನಿಮಗೂ ಸ್ವಂತ ಸರ್ಕಾರ ಬರುತ್ತದೆ, ದೇಶ ದೊಡ್ಡದು. ಆಮೇಲೆ ನೀವೂ ಯಾರಿಗಾದರೂ ಅಣ್ಣನಾಗಲು ಹೊರಡುತ್ತೀರಾ? ನಾನು ಇಲ್ಲ ಎಂದೆ. ಅಣ್ಣನಾಗುವುದು ಏನೆಂದು ನನಗೆ ಗೊತ್ತಿತ್ತು.

ಅವರಿಗೆ ಒಬ್ಬ ತಮ್ಮನಿದ್ದ, ಸ್ಲಾಮೆತ್. ಟ್ರಾಮಿನ ಕಂಡಕ್ಟರು. ಟ್ರಾಮುಗಳ ಮೇಲೆ ಬರೆಯುವವರಲ್ಲಿ ಅವನೂ ಒಬ್ಬ. ಡಚ್ಚರ ಬಾವುಟ ಮೇಲಿಂದ ಕೆಳಗೆ ಕೆಂಪು, ಬಿಳಿ, ನೀಲಿ. ಕೆಳಗಿನ ನೀಲಿಯನ್ನು ಹರಿದುಹಾಕಿದರೆ ಉಳಿಯುವ ಕೆಂಪು ಬಿಳಿಯೇ ಇವರ ಬಾವುಟ. ಹಾಡಹಗಲೇ ಕಂಬ ಹತ್ತಿ, ಒಂದೇ ಎಳೆತಕ್ಕೆ ನೀಲಿ ಕಿತ್ತು, ಜಾರಿ ಇಳಿದು ಜನರಲ್ಲಿ ಮಾಯವಾಗುವುದು ಅಲ್ಲಿಯ ತರುಣರಿಗೆ ಪಂದ್ಯದಂತಾಗಿತ್ತು. ಹೊಸ ಬಾವುಟ ಹೊಲಿಯುವ ಖರ್ಚನ್ನೂ ಡಚ್ಚರಿಂದಲೇ ಮಾಡಿಸುತ್ತೇವೆ ಎಂದು ಸ್ಲಾಮೆತ್ ನಗುತ್ತಿದ್ದ. ಅವನು ಬಂದರೆ ಅಂಗಡಿಯವರೆಲ್ಲ ಅವನ ಕಡೆ ತಿರುಗುತ್ತಿದ್ದರು.

ಹಾಗೆ ಎಲ್ಲರೂ ತಿರುಗಿದ್ದ ಒಂದು ಮಧ್ಯಾಹ್ನ ಸ್ಲಾಮೆತ್ ನನ್ನನ್ನು ನೇರವಾಗಿ ಕೇಳಿದ. ನಿಮ್ಮ ದೇಶದವರು ಬ್ರಿಟಿಷರ ವಿರುದ್ಧ ಸಾವಿರಗಟ್ಟಲೆ ಜೈಲಿಗೆ ಹೋದರಂತೆ, ನೀವು ಈ ಖಾಕಿಯಲ್ಲಿ ಹೇಗೆ ಬಂದಿರಿ ಎಂದ. ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ನಾನೂ ಹೋಗಿದ್ದೆ ಎಂದೆ.

ಬಾಯಿಂದ ಬಂದಮೇಲೆ ಸುಲಭವಾಯಿತು. ಕೊಳಗಲ್ಲಿನ ತಂತಿಯನ್ನು ನಾನು ಕತ್ತರಿಸಿದೆ. ಕಲ್ಲು ಬೆರೆತ ಅನ್ನ ನಾನು ತಿಂದೆ. ಹೊರಗೆ ಬಂದಮೇಲೆ ಹೊಟ್ಟೆಪಾಡಿಗೆ ಈ ಕೆಲಸ ಹಿಡಿದೆ. ಸ್ಲಾಮೆತ್‌ನ ಮುಖದಲ್ಲಿ ಅನುಮಾನವಿತ್ತು. ಆಗ ಕರ್ತೊ, ಜೈಲಿನ ಅಂಗಿ ಹೇಗಿರುತ್ತದೆ ಎಂದು ಕೇಳಿದರು. ನಾನು ಸಾಬೂನಿನ ಚೂರು ತೆಗೆದುಕೊಂಡು ಮೇಜಿನ ಮೇಲೆ ಬರೆದು ತೋರಿಸಿದೆ. ಕಾಲರಿಲ್ಲ, ಗುಂಡಿಯಿಲ್ಲ, ಪಕ್ಕಕ್ಕೆ ಲಾಡಿ, ಮಡಿಕೆಗಳು ಹೊರಗೆ. ಕರ್ತೊ ಅದನ್ನು ಬಹಳ ಹೊತ್ತು ನೋಡಿ, ತೊಟ್ಟವನಿಗಲ್ಲದೆ ಇದು ತಿಳಿಯುವುದಿಲ್ಲ ಎಂದರು. ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. ಆ ದಿನದಿಂದ ನನಗೆ ಅಂಗಡಿಯಲ್ಲಿ ಬೆನ್ನಿರುವ ಕುರ್ಚಿ.

ನನ್ನ ಜೈಲಿನ ಕತೆಯನ್ನು ಸೇಟು ಖಾಜಾನಿಗೆ ಹೇಳಿದರು. ಬಸವರಾಜನ ಸಂಗತಿಯನ್ನು ಹಡಗಿನಲ್ಲಿ ನಾನೇ ಅವನಿಗೆ ಹೇಳಿದ್ದೆ. ಖಾಜಾ ತಿಕ್ಕುತ್ತಿದ್ದ ಪಾತ್ರೆಯನ್ನು ಹಿಡಿದುಕೊಂಡೇ ನನ್ನನ್ನು ಹುಡುಕಿಕೊಂಡು ಬಂದು ಹೇಳಿದ.

"ನಿನ್ನ ತಮ್ಮನ ಜೈಲು ಇಲ್ಲೂ ಚಾ ಕುಡಸಾಕ ಹತ್ತೇತಲ್ಲಲೇ ಪಂಪಾ."

"ಸುಮ್ನಿರು. ಯಾರಿಗೇನು ಲುಕ್ಸಾನಾತು?"

"ನನಗೇನಿಲ್ಲಪ. ಚಾ ಕುಡಿ. ಸಕ್ರಿ ಕಮ್ಮಿ ಬಿದ್ರ ಹೇಳು, ಇನ್ನೆರಡು ವರ್ಸ ಜೈಲು ಹೆಚ್ಚಿಗಿ ಹಾಕ್ಸಿ ಕೊಡ್ತೀನಿ."

ಮೂಟೆ

ಮಳೆ ಹಿಡಿದ ದಿನಗಳಲ್ಲಿ ಹವಾಲ್ದಾರರು ನನ್ನ ಮುಂದೆ ಒಂದು ಮೂಟೆ ಇಳಿಸಿದರು. ಬಿಚ್ಚಿದರೆ ಬಾವುಟಗಳು. ನೀಲಿ ಕಿತ್ತುಹೋಗಿ ಕೆಳ ಅಂಚು ನೂಲುನೂಲಾದಂಥವು. ಜೊತೆಗೆ ಒಂದು ಥಾನು ಹೊಸ ನೀಲಿ ಬಟ್ಟೆ. ಯಾವುದೋ ಡಚ್ ಕಚೇರಿಯವರು ನಮ್ಮ ಸಾಹೇಬರನ್ನು ಕೇಳಿಕೊಂಡಿದ್ದರಂತೆ. ನೀಲಿ ಹಚ್ಚಿ ಎರಡು ದಿನದಲ್ಲಿ ಕೊಡು ಎಂದರು.

ಮೊದಲ ಬಾವುಟಕ್ಕೇ ಸೂಜಿ ಮುರಿಯಿತು. ಕರ್ತೊ ಅವರ ಹತ್ತಿರ ಸೂಜಿ ಕೇಳಲು ಹೋದೆ. ಯಾವ ಬಟ್ಟೆಗೆ ಎಂದು ಕೇಳಿದರು, ದರ್ಜಿ ಕೇಳುವ ಹಾಗೆ. ಹೇಳಿಬಿಟ್ಟೆ. ಅವರು ಸೂಜಿ ತೆಗೆದುಕೊಟ್ಟು, ತಮ್ಮ ಮಾತು ನನಗೆ ತಪ್ಪಾಗಿ ತಿಳಿಯಬಾರದೆಂದು ಸೇಟುವನ್ನು ಕರೆಸಿ ಹೇಳಿದರು.

"ಮಾಡುವುದಿಲ್ಲ ಎನ್ನಬೇಡಿ. ಹಾಗೆ ಹೇಳಿದರೆ ನಿಮ್ಮನ್ನು ಮತ್ತೆ ಜೈಲಿಗೆ ಹಾಕುತ್ತಾರೆ. ಒಮ್ಮೆ ಹೋಗಿ ಬಂದಿದ್ದೀರಿ, ನಿಮ್ಮ ಪಾಲು ಮುಗಿಯಿತು. ಕಚ್ಚಾ ಹೊಲಿಯಿರಿ, ಅಷ್ಟೇ ಸಾಕು."

ಹೊಲಿಗೆ ಬಾರದವರಿಗಾಗಿ ಹೇಳುತ್ತೇನೆ. ಅಂಗಿಯನ್ನು ಮೈಮೇಲೆ ಹಾಕಿ ನೋಡುವ ಮೊದಲು ತುಂಡುಗಳನ್ನು ಸೇರಿಸಲು ಉದ್ದುದ್ದ ಸಡಿಲ ಹೊಲಿಗೆ ಹಾಕುತ್ತೇವೆ. ಅದು ಕಚ್ಚಾ ಹೊಲಿಗೆ. ದೂರದಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಂದು ಎಳೆ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ. ಹವಾಲ್ದಾರರಿಗೆ ಅದು ಗೊತ್ತಾಗುವ ಹಾಗೇ ಇರಲಿಲ್ಲ. ಗೊತ್ತಾದರೂ ನೂಲು ಮಳೆಗೆ ಕೊಳೆಯಿತು ಎಂದರೆ ಆಗುತ್ತಿತ್ತು. ನಾನು ಒಪ್ಪಿದೆ. ಮನಸಾರೆ ಒಪ್ಪಿದೆ.

ಅಷ್ಟರಲ್ಲಿ ಸ್ಲಾಮೆತ್ ಒಳಗೆ ಬಂದ. ಮೂರು ದಿನ ಕಾಣೆಯಾಗಿದ್ದ. ಡಚ್ಚರು ಹಿಡಿದೊಯ್ದು, ಹೊಡೆದು, ಬಿಟ್ಟು ಕಳಿಸಿದ್ದರು. ತುಟಿ ಒಡೆದಿತ್ತು, ಒಂದು ಕಣ್ಣು ಮುಚ್ಚಿತ್ತು. ಕರ್ತೊ ನನ್ನ ಜೊತೆ ಆಡುತ್ತಿದ್ದ ಮಾತನ್ನು ನಡುವೆಯೇ ಬಿಟ್ಟು ಎದ್ದರು. ತಮ್ಮನ ಗದ್ದ ಹಿಡಿದು, ಮುಖವನ್ನು ಬಾಗಿಲಿನ ಬೆಳಕಿಗೆ ತಿರುಗಿಸಿ, ಬಟ್ಟೆಯ ಬಣ್ಣ ಪರೀಕ್ಷಿಸುವಂತೆ ನೋಡಿದರು. ಅವರ ಕಣ್ಣು ತುಂಬಿತು. ಆಮೇಲೆ ನಕ್ಕರು. ತಮ್ಮನೂ ಒಡೆದ ತುಟಿಯಲ್ಲಿ ನಕ್ಕ. ಬೀದಿಯವರೆಲ್ಲ ಒಳಗೆ ಬಂದರು. ಬೆನ್ನಿರುವ ಕುರ್ಚಿಯನ್ನು ಸ್ಲಾಮೆತ್‌ಗೆ ಕೊಡಲು ನಾನೇ ಎದ್ದೆ. ನಾನು ಎದ್ದದ್ದನ್ನು ಯಾರೂ ನೋಡಲಿಲ್ಲ.

ಬಸವರಾಜ ಜೈಲಿನಿಂದ ಬಂದಾಗ ನಾನು ಅವನ ಗದ್ದ ಹಿಡಿದಿರಲಿಲ್ಲ. ಒಬ್ಬ ಅಣ್ಣ ತಮ್ಮನನ್ನು ಹೀಗೂ ನೋಡಬಹುದೆಂದು ನನಗೆ ಅಂದೇ ತಿಳಿದದ್ದು. ತಿಳಿದು ನಾಚಿಕೆಯಾಗಬೇಕಿತ್ತು. ಮೈಯೆಲ್ಲ ಉರಿಯಿತು. ಕರ್ತೊ ಅವರ ಮೇಲೆ, ಆ ತುಟಿಯ ಮೇಲೆ, ಆ ಊರಿನ ಮೇಲೆ. ಇವರಿಗೆ ಬಾವುಟವೂ ಇದೆ, ತಮ್ಮನೂ ಇದ್ದಾನೆ, ಅವನನ್ನು ನೋಡುವ ಕಣ್ಣೂ ಇದೆ. ನನಗೆ ಇರುವುದು ಹೊಲಿಗೆ ಒಂದೇ ಎಂದುಕೊಂಡು ಡೇರೆಗೆ ಬಂದೆ.

ಅಂದು ಮಧ್ಯಾಹ್ನದಿಂದ ಮರುದಿನ ಸಂಜೆಯವರೆಗೆ ಹೊಲಿದೆ. ಬಿಳಿಯ ಅಂಚನ್ನೂ ನೀಲಿಯ ಅಂಚನ್ನೂ ಒಂದರೊಳಗೊಂದು ಮಡಿಸಿ ಎರಡು ಸಾಲು ಹೊಲಿಗೆ ಹಾಕಿದೆ. ಡೇರೆಯ ಬಟ್ಟೆಗೆ ಹಾಕುವ ಹೊಲಿಗೆ ಅದು, ಬಟ್ಟೆ ಹರಿದರೂ ಅದು ಬಿಡುವುದಿಲ್ಲ. ಕೌಲ್ ಬಜಾರಿನಲ್ಲಿ ಅಷ್ಟು ಅಂದವಾಗಿ ನಾನು ಎಂದೂ ಹೊಲಿದಿರಲಿಲ್ಲ. ಹವಾಲ್ದಾರರು ಬೆನ್ನು ತಟ್ಟಿದರು.

ಕಂಬ

ಒಂದು ವಾರದ ಮೇಲೆ ಖಾಜಾನ ಜೊತೆ ತರಕಾರಿ ತರಲು ಲಾರಿಯಲ್ಲಿ ಹೊರಟಿದ್ದೆ. ಆ ಡಚ್ ಕಚೇರಿಯ ಮುಂದೆ ಜನ ಸೇರಿದ್ದರಿಂದ ಲಾರಿ ನಿಂತಿತು. ಕಂಬದ ತುದಿಯಲ್ಲಿ ಸ್ಲಾಮೆತ್ ಇದ್ದ. ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ನೀಲಿ. ಎಳೆದ. ಕೆಳಗಿನವರು ಕೈ ಎತ್ತಿಕೊಂಡು ಕಾದಿದ್ದರು. ಮತ್ತೆ ಎಳೆದ. ಬಾವುಟ ಇಡಿಯಾಗಿ ಅವನ ಕಡೆ ಬಾಗಿತೇ ಹೊರತು ಹೊಲಿಗೆ ಬಿಡಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದ. ಅವನು ಒಮ್ಮೆ ಕೆಳಗೆ ನೋಡಿದ್ದು ನನಗೆ ಕಂಡಿತು. ಇಳಿಯಬಹುದಿತ್ತು. ಇನ್ನೊಮ್ಮೆ ಎಳೆದ. ಅಷ್ಟರಲ್ಲಿ ಕಾವಲಿನವರು ಓಡಿಬಂದು ಕಾಲು ಹಿಡಿದು ಜಗ್ಗಿದರು. ಬಿದ್ದ ಸದ್ದು ಕೇಳಿಸಿತು. ಎತ್ತಿ ಗಾಡಿಗೆ ಹಾಕಿಕೊಂಡು ಹೋದರು. ಕಾಲು ನೆಟ್ಟಗಿರಲಿಲ್ಲ.

ಖಾಜಾ ನಗೆಯಾಡುವವನಂತೆ, ಇಷ್ಟು ಗಟ್ಟಿ ಹೊಲಿದವನು ಯಾವನಲೇ ಎಂದ. ಆಮೇಲೆ ನನ್ನ ಕಡೆ ನೋಡಿದ.

"ನೀನೇನಲೇ?"

"ಹುಕುಂ ಇತ್ತು. ಅಂಜಿಕಿ ಆತು."

ಅಂದಿನಿಂದ ನಾನೂ ನನಗೆ ಅದನ್ನೇ ಹೇಳಿಕೊಂಡೆ. ಅಂಜಿಕೆಗೆ ಕ್ಷಮೆ ಸಿಗುತ್ತದೆ.

ನಮ್ಮ ತುಕಡಿ ಹೊರಡುವ ಮೊದಲು ಕರ್ತೊ ಅವರ ಬಾಬಿನ್ ಹಿಂದಿರುಗಿಸಲು ಹೋಗಲೇಬೇಕಾಯಿತು. ಅವರು ಅಂಗಿಗೆ ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದರು. ಕೂರಿ ಎಂದರು. ಕುರ್ಚಿ ಅದೇ. ಬಾಬಿನ್ ತೆಗೆದುಕೊಂಡು ಡಬ್ಬಿಗೆ ಹಾಕಿ, ಹೊಲಿಗೆಯ ದಾರ ಕಚ್ಚಿ ಕತ್ತರಿಸಿ ಹೇಳಿದರು.

"ಒಳ್ಳೆಯ ಹೊಲಿಗೆ."

ಮೂದಲಿಕೆಯಲ್ಲ. ಒಬ್ಬ ದರ್ಜಿ ಇನ್ನೊಬ್ಬನ ಕೆಲಸ ನೋಡಿ ಹೇಳುವ ಹಾಗೇ ಹೇಳಿದರು. ನಾನು ಬೀದಿಗೆ ಇಳಿದೆ. ಎದುರಿಗೆ ಬಂದ ಯಾರೋ ಮುಷ್ಟಿ ಎತ್ತಿ ಮೆರ್ಡೇಕಾ ಎಂದ. ನನಗೆ ಕೈ ಎತ್ತಲು ಬರಲಿಲ್ಲ.

ಸಿರುಗುಪ್ಪ

ಊರಿಗೆ ಬಂದೆ. ಬಯಸಿದ್ದು ಸಿಕ್ಕಿತು. ಕಟ್ಟೆಯ ಮೇಲೆ ಜನ ಕೂತರು, ಸಮುದ್ರದ ಕತೆ ಕೇಳಿದರು. ಮರುವರ್ಷ ಸ್ವಾತಂತ್ರ್ಯ ಬಂದಾಗ ಕುರುಗೋಡಿನ ಬಾವುಟ ಹೊಲಿಯಲು ನನಗೇ ಹೇಳಿದರು. ಮೂರು ಪಟ್ಟಿ ಬಟ್ಟೆ ತಂದಿಟ್ಟರು. ಜ್ವರವೆಂದು ಕಂಬಳಿ ಹೊದ್ದು ಮಲಗಿದೆ. ಬಳ್ಳಾರಿಯಿಂದ ಹೊಲಿಸಿ ತಂದರು.

ಬಸವರಾಜ ಸಿರುಗುಪ್ಪದ ಶಾಲೆಯಲ್ಲಿ ಮೇಷ್ಟ್ರಾದ. ಜಾವಾದ ಜನರಿಗೆ ಕೊನೆಗೂ ಅವರ ದೇಶ ದಕ್ಕಿತೆಂದು ಪತ್ರಿಕೆಯಲ್ಲಿ ಬಂದಮೇಲೆ, ಶಾಲೆಯಲ್ಲಿ ಒಂದು ಸಭೆ ಮಾಡಿ ನನ್ನನ್ನು ಕರೆಸಿದ. ಸಾಮ್ರಾಜ್ಯಶಾಹಿ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಂದು ಅವನ ಭಾಷಣದಲ್ಲಿ. ಅದು ಹೊರಗಿನಿಂದ ಬಂದು ಮೇಲೆ ಕೂರುವುದಷ್ಟೇ ಅಲ್ಲ, ನಮ್ಮ ಕೈಯಿಂದಲೇ ಇನ್ನೊಬ್ಬರನ್ನು ಕಟ್ಟಿಸುವುದು ಎಂದು ಮಕ್ಕಳಿಗೆ ಬಿಡಿಸಿ ಹೇಳಿದ. ನಮ್ಮಣ್ಣನವರು ಆ ಜನರ ನಡುವೆ ಬಾಳಿ ಬಂದವರು ಎಂದು ನನ್ನನ್ನು ಬಹುವಚನದಲ್ಲಿ ಎಬ್ಬಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಟ್ರಾಮು, ತಾಳೆ ಬೆಲ್ಲ, ಬೂಸು ಬಿಲ್ಲೆಯ ಕತೆ ಹೇಳಿ ಕೂತೆ. ಹಿಂದಿನ ಸಾಲಿನಲ್ಲಿ ಖಾಜಾ ಇದ್ದ. ಅವನು ಅಲ್ಲೇ ಒಂದು ಹೋಟೆಲು ಇಟ್ಟುಕೊಂಡಿದ್ದ. ಹೊರಗೆ ಬರುವಾಗ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ.

"ಎಲ್ಲಾ ಬಂತಲೇ ಪಂಪಾ. ಹೊಲಿಗಿ ಮಾತು ಮಾತ್ರ ಬರಲಿಲ್ಲ."

ಸಂಜೆ ಕಾಲುವೆಯ ದಂಡೆಯ ಮೇಲೆ ತಮ್ಮನ ಜೊತೆ ಅವನ ಕೋಣೆಗೆ ನಡೆಯುತ್ತ ಅವನಿಗೆ ಎಲ್ಲ ಹೇಳಿದೆ. ಅವನ ಜೈಲು ಹೇಳಿಕೊಂಡದ್ದು, ಕಚ್ಚಾ ಹೊಲಿಗೆಗೆ ಒಪ್ಪಿದ್ದು, ಡೇರೆಯ ಹೊಲಿಗೆ ಹಾಕಿದ್ದು, ಸ್ಲಾಮೆತ್ ಬಿದ್ದದ್ದು. ಭತ್ತದ ಬಯಲು ನೋಡುತ್ತ ಹೇಳಿದೆ, ಅವನ ಮುಖ ನೋಡಲಿಲ್ಲ. ಅಂಗಿಯ ಮಾತು ಬಂದಾಗ ಅವನು ನಕ್ಕುಬಿಟ್ಟ.

"ಆ ಅಂಗಿ ಹೇಳಿದ್ಯಾ? ತಗೋ, ನಿನಗ ಇರಲಿ. ಅಂಥಾ ಚಂದದ್ದೇನಲ್ಲ ಬಿಡು ಅದು."

ಆಮೇಲೆ ಹತ್ತು ಹೆಜ್ಜೆ ನಡೆದು ಕೇಳಿದ.

"ಅವ ಏನಾದ?"

"ಯಾವ?"

"ಕಂಬದಿಂದ ಬಿದ್ದಾವ."

"ಗೊತ್ತಿಲ್ಲ."

"ಅವರಣ್ಣ ಎದುರಿಗೇ ಕುಂತಿದ್ದ ಅಂತೀ. ಕೇಳಲಿಲ್ಲೇನು ಅಣ್ಣಾ?"

ನಾನು ಕೇಳಿರಲಿಲ್ಲ. ಇಷ್ಟು ವರ್ಷ ನಾನು ಕೊರಗಿದ್ದೆಲ್ಲ ನನ್ನ ಬಗ್ಗೆ. ನಾನು ಸುಳ್ಳನೋ, ಹೇಡಿಯೋ, ತಮ್ಮನಿಗೆ ತಿಳಿದರೆ ಏನೆಂದುಕೊಂಡಾನು ಎಂದು. ಸ್ಲಾಮೆತ್ ನಡೆಯುತ್ತಾನೋ ಇಲ್ಲವೋ, ಬದುಕಿದನೋ ಇಲ್ಲವೋ ಎಂಬುದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ತಾನು ಕಾಣದ ಮನುಷ್ಯನ ಬಗ್ಗೆ ತಮ್ಮನಿಗೆ ಅದು ಹತ್ತೇ ಹೆಜ್ಜೆಯಲ್ಲಿ ತಲೆಗೆ ಬಂತು. ನಾಚಿಕೆಯಾಯಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಮೊದಲು ಆದದ್ದು ಹೊಟ್ಟೆಕಿಚ್ಚೇ. ಆ ಪ್ರಶ್ನೆ ನನ್ನದಾಗಬೇಕಿತ್ತು.

ಕೋಣೆಗೆ ಹೋಗಿ ಅವನು ಕಾಗದ ತೆಗೆದ. ಕರ್ತೊ, ದರ್ಜಿ, ಬಟ್ಟೆ ಅಂಗಡಿಗಳ ಬೀದಿ, ಸಿಂಧಿ ಸೇಟುವಿನ ಅಂಗಡಿಯ ಎದುರಿಗೆ ಎಂದು ವಿಳಾಸ ಬರೆದ. ನಾನು ಹೇಳಿದ್ದನ್ನು ಇಂಗ್ಲಿಷಿಗೆ ಮಾಡುತ್ತ ಹೋದ. ನಾನು ಜೈಲಿಗೆ ಹೋದವನಲ್ಲ. ಆ ಹೊಲಿಗೆ ನನ್ನದು. ಸ್ಲಾಮೆತ್ ಹೇಗಿದ್ದಾನೆ. ಮುಗಿಸಿ ಕನ್ನಡದಲ್ಲಿ ಓದಿ ಹೇಳಿದ. ನಡುವೆ ಒಂದು ಮಾತು ಅವನೇ ಸೇರಿಸಿದ್ದ, ನನ್ನನ್ನು ಉಳಿಸಲು.

"ಅಂಜಿ ಹೊಲಿದೆ ಅಂತ ಹಾಕೀನಿ."

"ಅಂಜಿಕಿ ಅಲ್ಲ. ಹೊಡದಾಕು."

"ಮತ್ತ?"

"ಹೊಟ್ಟಿಕಿಚ್ಚು ಅಂತ ಬರಿ."

ಅವನು ಪೆನ್ನು ಎತ್ತಿ ಹಿಡಿದು ನನ್ನನ್ನು ನೋಡಿದ.

"ಯಾರ ಮ್ಯಾಲೆ?"

"ನಿನ್ನ ಮ್ಯಾಲೆ."

ಹೊರಗೆ ಯಾರೋ ಎತ್ತುಗಳಿಗೆ ನೀರು ಕುಡಿಸುತ್ತಿದ್ದರು. ಬಸವರಾಜ ಅಂಜಿಕೆಯ ಮಾತಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ಒಂದು ಪದ ಬರೆದ. ಅದರ ಮುಂದೆ ಇನ್ನೇನೋ ಬರೆಯಲು ಹೋಗಿ ಬಿಟ್ಟ. ಕಾಗದವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟ. ನಾನು ಕನ್ನಡದಲ್ಲಿ ಹೆಸರು ಹಾಕಿದೆ.

ಬೆಳಿಗ್ಗೆ ಟಪಾಲಿಗೆ ಹಾಕಲು ಇಬ್ಬರೂ ಹೋದೆವು. ಉತ್ತರ ಇನ್ನೂ ಬಂದಿಲ್ಲ. ಪ್ರತಿ ವಾರ ಸಿರುಗುಪ್ಪದಿಂದ ಬರುವ ಬಸ್ಸಿನವನ ಹತ್ತಿರ ತಮ್ಮ ಹೇಳಿಕಳಿಸುತ್ತಾನೆ, ಇಲ್ಲ ಎಂದು. ನಾನು ಕೇಳುವ ಮೊದಲೇ ಅವನು ಅಂಚೆ ಕಚೇರಿಗೆ ಹೋಗಿ ಕೇಳಿರುತ್ತಾನೆ.